ಬೇರಿಗೆ ಕೈಯಿಡುವ ಮುನ್ನ

ರೂಟ್ ಕೆನಾಲ್ ಆಗಿ, ಮೇಲೆ ಕ್ಯಾಪ್ ಕೂತು, ಎರಡು ಮೂರು ವರ್ಷ ಸುಮ್ಮನಿದ್ದ ಕೆಳದವಡೆಯ ಹಲ್ಲು ಒಂದು ದಿನ ಮತ್ತೆ ತಕರಾರು ತೆಗೆಯುತ್ತದೆ. ನೋವು ಇದ್ದರೂ ಇರಬಹುದು, ಇಲ್ಲದೆಯೂ ಇರಬಹುದು. ವಸಡಿನ ಮೇಲೆ ಸಣ್ಣ ಗುಳ್ಳೆ ಎದ್ದು, ಒಡೆದು, ಕೀವು ಸೋರಿ ಮಾಯವಾಗುತ್ತದೆ. ತಿಂಗಳು ಕಳೆದ ಮೇಲೆ ಅದೇ ಜಾಗದಲ್ಲಿ ಮತ್ತೆ ಏಳುತ್ತದೆ. ಕಾಪುವಿನಲ್ಲಾಗಲಿ ಕಾರ್ಕಳದಲ್ಲಾಗಲಿ ಇಂಥ ಹಲ್ಲಿಗೆ ಬಹುಕಾಲ ಸಿಗುತ್ತಿದ್ದ ಉತ್ತರ ಒಂದೇ: ಕೀಳಿಸಿಬಿಡಿ.

ಮುಂದಿನ ಹಲ್ಲಾಗಿದ್ದರೆ ಮಾತು ಬೇರೆ. ವಸಡು ಬಿಡಿಸಿ, ಎಲುಬಿನಲ್ಲಿ ಕಿಂಡಿ ಕೊರೆದು, ಸೋಂಕು ಹಿಡಿದ ಬೇರಿನ ತುದಿಯನ್ನು ಕತ್ತರಿಸಿ, ಕೆಳಗಿನಿಂದ ಮುಚ್ಚಿ ಹಲ್ಲನ್ನು ಉಳಿಸಿಕೊಳ್ಳುವ ಶಸ್ತ್ರಚಿಕಿತ್ಸೆ ದಂತ ವೈದ್ಯರಿಗೆ ನೂರು ವರ್ಷಗಳಿಗೂ ಹೆಚ್ಚು ಕಾಲದಿಂದ ಗೊತ್ತು. ಅದನ್ನು ಅಪಿಕೊಎಕ್ಟಮಿ ಎನ್ನುತ್ತಾರೆ. ಅದೇ ಕೆಲಸವನ್ನು ಕೆಳದವಡೆಯ ಹಿಂಬದಿಯಲ್ಲಿ ಮಾಡಿ ಎಂದರೆ ನುರಿತವರೂ ಹಿಂಜರಿಯುತ್ತಿದ್ದರು. ಆ ಹಿಂಜರಿಕೆಗೆ ತಕ್ಕ ಕಾರಣವಿತ್ತು.

ಕೆಳದವಡೆಯ ಎಲುಬಿನೊಳಗೆ, ಹಲ್ಲಿನ ಬೇರುಗಳ ಕೆಳಗೆ, ಹಿಂದಿನಿಂದ ಮುಂದಕ್ಕೆ ಒಂದು ಸಣ್ಣ ನಾಳ ಸಾಗುತ್ತದೆ. ಆ ಬದಿಯ ಕೆಳಹಲ್ಲುಗಳಿಗೆಲ್ಲ ಸಂವೇದನೆ ಕೊಡುವ ನರ, ಅದರ ಜೊತೆಗೆ ರಕ್ತನಾಳಗಳು ಇದರಲ್ಲಿ ಓಡುತ್ತವೆ. ಕಿರುದವಡೆ ಹಲ್ಲುಗಳ ಹತ್ತಿರ, ಹೆಚ್ಚಿನವರಲ್ಲಿ ಎರಡನೆಯ ಕಿರುದವಡೆ ಹಲ್ಲಿನ ಆಸುಪಾಸಿನಲ್ಲಿ, ಎಲುಬಿನ ಹೊರಮೈಯಲ್ಲಿರುವ ಒಂದು ರಂಧ್ರದಿಂದ ನರದ ಕವಲೊಂದು ಹೊರಬಂದು ಕೆಳತುಟಿಗೂ ಗದ್ದಕ್ಕೂ ಹರಡುತ್ತದೆ. ಆ ನರಕ್ಕೆ ಪೆಟ್ಟಾದರೆ ತುಟಿ ಅಲುಗಾಡುವುದೇನೋ ನಿಲ್ಲುವುದಿಲ್ಲ, ಸ್ಪರ್ಶದ ಅರಿವು ಮಾತ್ರ ಹೋಗುತ್ತದೆ. ಬಿಸಿ ಗಂಜಿ ತುಟಿಯಂಚಿನಲ್ಲಿ ಇಳಿದದ್ದು ತಿಳಿಯುವುದಿಲ್ಲ, ಊಟದ ನಡುವೆ ತುಟಿ ಕಚ್ಚಿಕೊಂಡದ್ದೂ ತಿಳಿಯುವುದಿಲ್ಲ. ಕೆಲವರಲ್ಲಿ ಮರಗಟ್ಟುವಿಕೆಯ ಬದಲು ಉರಿ, ಚುಚ್ಚುವ ನೋವು ಉಳಿದುಬಿಡುತ್ತದೆ. ವಾರಗಳಲ್ಲಿ, ತಿಂಗಳುಗಳಲ್ಲಿ ಸರಿಹೋಗುವುದುಂಟು. ಬದುಕಿಡೀ ಉಳಿಯುವುದೂ ಉಂಟು. ಒಂದು ಹಲ್ಲನ್ನು ಉಳಿಸಲು ಹೋಗಿ ಅಷ್ಟು ಬೆಲೆ ತೆರಬಾರದೆಂದು ವೈದ್ಯರು ಹಿಂದೆ ಸರಿಯುತ್ತಿದ್ದರು.

ಇನ್ನೊಂದು ಕಷ್ಟ ಎಲುಬಿನದು. ಕೆಳದವಡೆಯ ಹೊರಗೋಡೆ ಮುಂದಿನಿಂದ ಹಿಂದಕ್ಕೆ ಹೋದಂತೆ ದಪ್ಪವಾಗುತ್ತದೆ. ಮೊದಲನೆಯ ದವಡೆ ಹಲ್ಲಿನ ಮುಂದಿನ ಬೇರಿನ ಎದುರು ಅದು ಕೆಲವೇ ಮಿಲಿಮೀಟರ್ ಇದ್ದರೆ, ಎರಡನೆಯ ದವಡೆ ಹಲ್ಲಿನ ಬಳಿ ಏಳೆಂಟು ಮಿಲಿಮೀಟರ್‌ಗೂ ಮುಟ್ಟುವುದುಂಟು. ಅಲ್ಲಿ ಎಲುಬು ಏಣಿನಂತೆ ಉಬ್ಬಿರುತ್ತದೆ, ಹಲ್ಲಿನ ಬೇರುಗಳೂ ನಾಲಗೆಯ ಬದಿಗೆ ವಾಲಿರುತ್ತವೆ. ಬಾಯಿ ತೆರೆಯುವುದೇ ಸ್ವಲ್ಪ, ಕೆನ್ನೆ ಅಡ್ಡ ಬರುತ್ತದೆ, ಬೆಳಕು ಸಾಲದು. ಅಂಥ ಜಾಗದಲ್ಲಿ ಏಳೆಂಟು ಮಿಲಿಮೀಟರ್ ಒಳಗೆ ಬೇರಿನ ತುದಿ ಎಲ್ಲಿದೆ ಎಂದು ಅಂದಾಜಿನ ಮೇಲೆ ಕೊರೆಯಬೇಕಿತ್ತು. ತುದಿಯಿಂದ ನರನಾಳಕ್ಕೆ ಉಳಿದಿರುವ ಅಂತರವೋ, ಒಬ್ಬರಲ್ಲಿ ಐದಾರು ಮಿಲಿಮೀಟರ್, ಇನ್ನೊಬ್ಬರಲ್ಲಿ ಒಂದೂ ಇಲ್ಲ.

ಹಾಗಾದರೆ ಎಕ್ಸ್‌ರೇ ಇತ್ತಲ್ಲ ಎಂದು ಕೇಳಬಹುದು. ಇತ್ತು, ಈಗಲೂ ಇದೆ, ಮೊದಲು ತೆಗೆಯಬೇಕಾದದ್ದೂ ಅದನ್ನೇ. ಆದರೆ ಅದು ಚಪ್ಪಟೆ ಚಿತ್ರ. ಕಾಪು ಕಡಲ ತೀರದಲ್ಲಿ 1901ರಿಂದ ನಿಂತಿರುವ ದೀಪಸ್ತಂಭದ ಬಂಡೆಯ ಮೇಲಿನಿಂದ ಸಮುದ್ರ ನೋಡಿದರೆ ಎರಡು ದೋಣಿಗಳು ಒಂದಕ್ಕೊಂದು ತಾಗಿಯೇ ನಿಂತಂತೆ ತೋರುವುದುಂಟು. ನಡುವೆ ಅರ್ಧ ಮೈಲಿ ನೀರು ಇರಬಹುದು. ಸಾಧಾರಣ ಎಕ್ಸ್‌ರೇಯಲ್ಲಿ ಬೇರಿನ ತುದಿ ಮತ್ತು ನರನಾಳ ಒಂದರ ಮೇಲೊಂದು ಕಾಣುವುದು ಇದೇ ರೀತಿ. ಅವು ನಿಜವಾಗಿ ತಾಗಿವೆಯೋ, ಒಂದು ಕೆನ್ನೆಯ ಬದಿಗೂ ಇನ್ನೊಂದು ನಾಲಗೆಯ ಬದಿಗೂ ಸರಿದಿದೆಯೋ ಎಂದು ಆ ಚಿತ್ರ ಹೇಳಲಾರದು.

ಎಲುಬಿನೊಳಗಿನ ಕೀವಿನ ಗೂಡೂ ಹಲವು ಸಲ ಅದರಲ್ಲಿ ಕಾಣದೆ ತಪ್ಪಿಸಿಕೊಳ್ಳುತ್ತದೆ. 1961ರಲ್ಲಿ ಬೆಂಡರ್ ಮತ್ತು ಸೆಲ್ಟ್ಜರ್ ಎಂಬ ಅಮೆರಿಕದ ಇಬ್ಬರು ದಂತ ತಜ್ಞರು ಇದನ್ನು ಬಹಳ ಸರಳವಾಗಿ ತೋರಿಸಿಕೊಟ್ಟರು. ಮೃತರ ದವಡೆ ಎಲುಬಿನ ಒಳಗಿನ ಮೆತ್ತನೆಯ ಭಾಗದಲ್ಲಿ ಕೈಯಾರೆ ಪೊಟರೆ ಕೊರೆದು ಎಕ್ಸ್‌ರೇ ತೆಗೆದರು. ಹೊರಗಿನ ಗಟ್ಟಿ ಪದರಕ್ಕೆ ಧಕ್ಕೆ ಆಗದವರೆಗೆ ಪೊಟರೆ ಚಿತ್ರದಲ್ಲಿ ಮೂಡಲೇ ಇಲ್ಲ. ಕೆಳದವಡೆಯ ಹಿಂಬದಿಯಲ್ಲಿ ಆ ಗಟ್ಟಿ ಪದರವೇ ದಪ್ಪ. ‘ಎಕ್ಸ್‌ರೇಯಲ್ಲಿ ಏನೂ ಇಲ್ಲ, ಆದರೂ ಕಚ್ಚಿದರೆ ನೋವು’ ಎಂದು ಅಲೆಯುವ ರೋಗಿಯ ಮಾತನ್ನು ಕಲ್ಪನೆ ಎಂದು ತಳ್ಳಿಹಾಕಬಾರದು ಎನ್ನುವುದಕ್ಕೆ ಈ ಪ್ರಯೋಗ ಸಾಕು.

ಹಲ್ಲಿನ ಚಿತ್ರದ ಚರಿತ್ರೆ ಎಕ್ಸ್‌ರೇಯಷ್ಟೇ ಹಳೆಯದು. ರಂಟ್ಜನ್ 1895ರ ನವೆಂಬರ್‌ನಲ್ಲಿ ಆ ಕಿರಣವನ್ನು ಗುರುತಿಸಿದರು. ಮರುವರ್ಷದ ಜನವರಿಯಲ್ಲೇ ಜರ್ಮನಿಯ ದಂತ ವೈದ್ಯ ಒಟ್ಟೊ ವಾಲ್ಕಾಫ್ ಕಪ್ಪು ಕಾಗದ ಸುತ್ತಿದ ಗಾಜಿನ ತುಂಡನ್ನು ತಮ್ಮದೇ ಬಾಯಿಯಲ್ಲಿಟ್ಟು, 25 ನಿಮಿಷ ಅಲುಗಾಡದೆ ಮಲಗಿ, ಹಲ್ಲಿನ ಮೊದಲ ಚಿತ್ರ ತೆಗೆದರು. ಅಮೆರಿಕದ ನ್ಯೂ ಆರ್ಲಿಯನ್ಸ್‌ನ ಎಡ್ಮಂಡ್ ಕೆಲ್ಸ್ 1899ರ ಹೊತ್ತಿಗೆ ಬೇರಿನೊಳಗೆ ಸೀಸದ ತಂತಿ ಇಳಿಸಿ ಎಕ್ಸ್‌ರೇಯಲ್ಲಿ ಅದರ ಉದ್ದ ನೋಡುತ್ತಿದ್ದರು. ಇಂದು ಪ್ರತಿ ರೂಟ್ ಕೆನಾಲ್‌ನಲ್ಲೂ ನಡೆಯುವ ಕೆಲಸ ಅದು. ಯಂತ್ರದ ಹದ ನೋಡಲು ಕೆಲ್ಸ್ ತಮ್ಮ ಕೈಯನ್ನೇ ಕಿರಣಕ್ಕೆ ಒಡ್ಡುತ್ತಿದ್ದರು. ಕ್ಯಾನ್ಸರ್ ಹಿಡಿದು ಬೆರಳುಗಳು, ಆಮೇಲೆ ಕೈ, ಕೊನೆಗೆ ತೋಳನ್ನೇ ಕಳೆದುಕೊಂಡು 1928ರಲ್ಲಿ ತೀರಿಕೊಂಡರು. ಇಂದು ಯಂತ್ರದ ಗುಂಡಿ ಒತ್ತುವಾಗ ತಂತ್ರಜ್ಞರು ಗೋಡೆಯಾಚೆ ನಿಲ್ಲುವ ಶಿಸ್ತಿನ ಹಿಂದೆ ಇಂಥವರ ಬದುಕಿದೆ.

1950ರ ಸುಮಾರಿಗೆ ಫಿನ್ಲೆಂಡಿನ ಪಾಟೆರೊ ಎರಡೂ ದವಡೆಗಳನ್ನು ಒಂದೇ ಉದ್ದ ಚಿತ್ರದಲ್ಲಿ ತೋರಿಸುವ ವಿಧಾನ ರೂಪಿಸಿದರು. ನಾವು ಓಪಿಜಿ ಎನ್ನುವುದು ಅದನ್ನೇ. ಮೂರನೆಯ ಆಯಾಮ ಹಲ್ಲಿಗೆ ಸಿಕ್ಕಿದ್ದು ಶತಮಾನದ ಕೊನೆಗೆ. ಇಟಲಿಯ ವೆರೋನಾದ ಮೊಝೊ ಮತ್ತು ಸಂಗಡಿಗರು 1998ರಲ್ಲಿ, ಜಪಾನಿನ ಅರಾಯಿ ಮತ್ತು ಸಂಗಡಿಗರು 1999ರಲ್ಲಿ ತಮ್ಮ ತಮ್ಮ ಯಂತ್ರಗಳ ವಿವರ ಪ್ರಕಟಿಸಿದರು. ಅದೇ ಕೋನ್ ಬೀಮ್ ಸಿ.ಟಿ., ವೈದ್ಯರ ಬಾಯಲ್ಲಿ ಸಿಬಿಸಿಟಿ. ರೋಗಿ ನಿಂತಿರುತ್ತಾರೆ ಅಥವಾ ಕುಳಿತಿರುತ್ತಾರೆ. ಕಿರಣ ಬೀರುವ ತಲೆ ಒಂದು ಬದಿ, ಅದನ್ನು ಹಿಡಿಯುವ ಫಲಕ ಎದುರು ಬದಿ. ಎರಡೂ ಸೇರಿ ತಲೆಯ ಸುತ್ತ ಒಂದು ಸುತ್ತು ಬರುತ್ತವೆ. ಅರ್ಧ ನಿಮಿಷದ ಒಳಗೆ ಕೆಲಸ ಮುಗಿಯುತ್ತದೆ. ಆ ಸುತ್ತಿನಲ್ಲಿ ತೆಗೆದ ನೂರಾರು ಚಿತ್ರಗಳಿಂದ ಕಂಪ್ಯೂಟರ್ ದವಡೆಯನ್ನು ಪುಟ್ಟ ಪುಟ್ಟ ಘನಗಳಾಗಿ ಮತ್ತೆ ಕಟ್ಟುತ್ತದೆ. ಒಂದೆರಡು ಹಲ್ಲಿಗಷ್ಟೇ ಸೀಮಿತವಾದ ಸ್ಕ್ಯಾನ್‌ನಲ್ಲಿ ಒಂದು ಘನದ ಬದಿ ಮಿಲಿಮೀಟರ್‌ನ ಹತ್ತನೇ ಒಂದು ಭಾಗದಷ್ಟೇ ಇರಬಹುದು. ಆಮೇಲೆ ವೈದ್ಯರು ಪರದೆಯ ಮೇಲೆ ದವಡೆಯನ್ನು ಬೇಕಾದ ಕಡೆ ಅಡ್ಡಕ್ಕೂ ಉದ್ದಕ್ಕೂ ಸೀಳಿ ನೋಡಬಹುದು, ಅಳತೆ ಹಿಡಿಯಬಹುದು.

ಉಡುಪಿ ಜಿಲ್ಲೆಯವರಿಗೆ ಈ ವಿದ್ಯೆ ದೂರದ್ದಲ್ಲ. ಕಲ್ಯಾಣಪುರದಲ್ಲಿ ಹುಟ್ಟಿದ ಡಾ. ಟಿ.ಎಂ.ಎ. ಪೈ ಅವರು ಬೋಳು ಗುಡ್ಡವಾಗಿದ್ದ ಮಣಿಪಾಲದಲ್ಲಿ 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ತೆರೆದರು. 1965ರಲ್ಲಿ ದಂತ ಕಾಲೇಜು ಬಂತು. ದೇಶದ ಮೊದಮೊದಲ ಖಾಸಗಿ ದಂತ ಕಾಲೇಜುಗಳಲ್ಲಿ ಅದೂ ಒಂದು. ಹಲ್ಲಿನ ಒಳಬೇರಿನ ಚಿಕಿತ್ಸೆಗೂ, ಬಾಯಿಯ ಚಿತ್ರಣಕ್ಕೂ, ಶಸ್ತ್ರಚಿಕಿತ್ಸೆಗೂ ಅಲ್ಲಿ ಬೇರೆ ಬೇರೆ ವಿಭಾಗಗಳಿವೆ. ಕೆಳದವಡೆ ಬೇರಿನಂಥ ಪ್ರಕರಣದಲ್ಲಿ ಈ ಮೂವರೂ ಒಂದೇ ಪರದೆಯ ಮುಂದೆ ಕೂತು ನೋಡುವುದು ರೋಗಿಯ ಭಾಗ್ಯವೆಂದೇ ಹೇಳಬೇಕು. ಕಾರ್ಕಳದಿಂದ ಹಿರಿಯಡ್ಕ, ಪರ್ಕಳದ ಮೇಲೆ ಬರುವ ಬಸ್ಸು ಮಣಿಪಾಲ ಹಾದೇ ಉಡುಪಿಗೆ ಇಳಿಯುತ್ತದೆ. ಕಾಪುವಿನವರು ಹೆದ್ದಾರಿ ಹಿಡಿದು ಉಡುಪಿಗೆ ಬಂದು ಐದಾರು ಕಿಲೋಮೀಟರ್ ಗುಡ್ಡ ಹತ್ತಿದರಾಯಿತು. ಊರಿನ ದಂತ ವೈದ್ಯರು ಚೀಟಿ ಬರೆದು ಕಳಿಸುವುದು, ಇಲ್ಲಿ ಸ್ಕ್ಯಾನ್ ಆಗುವುದು, ವರದಿ ಮರಳಿ ಊರಿಗೆ ಹೋಗುವುದು ಅಸಾಧ್ಯವಾದ ವ್ಯವಸ್ಥೆಯಲ್ಲ.

ಶಸ್ತ್ರಚಿಕಿತ್ಸೆಯ ಮಾತು ಎತ್ತುವ ಮೊದಲೇ ಇನ್ನೊಂದು ಪ್ರಶ್ನೆ ಇತ್ಯರ್ಥವಾಗಬೇಕು: ರೂಟ್ ಕೆನಾಲನ್ನೇ ಮತ್ತೊಮ್ಮೆ ಮಾಡಿದರೆ ಸಾಲದೇ? ಬೇರಿನೊಳಗಿನ ಸೋಂಕನ್ನು ಮೇಲಿನಿಂದಲೇ ತೊಳೆದು ತೆಗೆಯಲು ಸಾಧ್ಯವಿದ್ದರೆ ಅದೇ ಲೇಸು. ಈ ತೊಳೆಯುವ ದ್ರಾವಣಗಳ ಬಗ್ಗೆ ಮಣಿಪಾಲದಲ್ಲೇ ಗಂಭೀರ ಕೆಲಸ ನಡೆದಿದೆ. ಬೇರಿನ ಒಳಗೋಡೆಗೆ ಮೆತ್ತಿಕೊಂಡ ಪದರವನ್ನು ತೆಗೆಯುವುದರಲ್ಲಿ ಮೇಲಿಕ್ ಆಮ್ಲವನ್ನು ರೂಢಿಯ ಇಡಿಟಿಎ ದ್ರಾವಣಕ್ಕೆ ಹೋಲಿಸಿದ ಡಾ. ವಾಸುದೇವ ಬಲ್ಲಾಳ್ ಮತ್ತು ಸಂಗಡಿಗರ ಅಧ್ಯಯನ 2009ರಲ್ಲಿ ‘ಜರ್ನಲ್ ಆಫ್ ಎಂಡೋಡಾಂಟಿಕ್ಸ್’ನಲ್ಲಿ ಪ್ರಕಟವಾಯಿತು. ಸಿಬಿಸಿಟಿ ಇಲ್ಲೂ ಒದಗುತ್ತದೆ. ಮೊದಲ ಸಲ ಕಣ್ತಪ್ಪಿದ ನಾಳವೊಂದು ಬೇರಿನಲ್ಲಿ ಉಳಿದಿದ್ದರೆ ಅಡ್ಡಸೀಳಿನ ಚಿತ್ರದಲ್ಲಿ ಕಂಡುಬರುತ್ತದೆ. ಕೆಳಗಿನ ಮೊದಲ ದವಡೆ ಹಲ್ಲಿಗೆ ಸಾಮಾನ್ಯವಾಗಿ ಎರಡೇ ಬೇರು. ಕೆಲವರಿಗೆ ನಾಲಗೆಯ ಬದಿಯಲ್ಲಿ ಸಣ್ಣದೊಂದು ಮೂರನೆಯ ಬೇರು ಅಡಗಿರುತ್ತದೆ. ಎರಡನೆಯ ದವಡೆ ಹಲ್ಲಿನಲ್ಲಿ ಬೇರುಗಳು ಕೂಡಿಕೊಂಡು ನಾಳ ಇಂಗ್ಲಿಷಿನ ‘ಸಿ’ ಅಕ್ಷರದಂತೆ ಬಾಗಿರುವುದೂ ಉಂಟು. ಅಂಥದ್ದು ಕಂಡರೆ ಕತ್ತಿ ಹಿಡಿಯುವ ಅಗತ್ಯವೇ ಬೀಳದೆ, ಮರುಚಿಕಿತ್ಸೆಯಲ್ಲೇ ಗುಳ್ಳೆ ಆರಬಹುದು. ಗಟ್ಟಿ ಕಂಬಿ ಕೂರಿಸಿ ಕ್ಯಾಪ್ ಹಾಕಿದ್ದರೆ, ಮುರಿದ ಉಪಕರಣದ ತುಂಡು ನಾಳದ ಆಳದಲ್ಲಿ ಸಿಕ್ಕಿಕೊಂಡಿದ್ದರೆ, ಅಥವಾ ಚೆನ್ನಾಗಿ ಮಾಡಿದ ಮರುಚಿಕಿತ್ಸೆಯೂ ಸೋತಿದ್ದರೆ ಆಗ ಬೇರಿನ ತುದಿಯ ಶಸ್ತ್ರಚಿಕಿತ್ಸೆಯ ಸರದಿ.

ಆಗ ವೈದ್ಯರು ಪರದೆಯ ಮೇಲೆ ಏನು ಅಳೆಯುತ್ತಾರೆ? ಮೊದಲು ಬೇರಿನ ತುದಿಯ ಎದುರಿನ ಎಲುಬಿನ ದಪ್ಪ. ಕೀವು ಈಗಾಗಲೇ ಹೊರಗೋಡೆಯನ್ನು ತಿಂದು ತೂತು ಮಾಡಿದ್ದರೆ ದಾರಿ ಅರ್ಧ ತೆರೆದಂತೆಯೇ. ಗೋಡೆ ಇಡಿಯಾಗಿದ್ದರೆ ಹಲ್ಲಿನ ಮೇಲ್ತುದಿಯಿಂದ ಎಷ್ಟು ಕೆಳಗೆ, ಎಷ್ಟು ಒಳಗೆ ಕೊರೆಯಬೇಕೆಂಬ ಎರಡು ಸಂಖ್ಯೆಗಳು ಬೇಕು. ಆಮೇಲೆ ತುದಿಯಿಂದ ನರನಾಳದ ಮೇಲ್ಛಾವಣಿಗೆ ಇರುವ ಅಂತರ. ಎರಡನೆಯ ದವಡೆ ಹಲ್ಲಿನ ಬೇರುಗಳೇ ನರಕ್ಕೆ ಹೆಚ್ಚು ಹತ್ತಿರ ಎಂಬುದು ಅನೇಕ ದೇಶಗಳ ಅಧ್ಯಯನಗಳಲ್ಲಿ ಕಂಡಿದೆ. ಅಂತರದ ಜೊತೆ ದಿಕ್ಕೂ ಮುಖ್ಯ: ನಾಳ ನಾಲಗೆಯ ಬದಿಗಿದ್ದರೆ ಹೊರಗಿನಿಂದ ಬರುವ ಉಪಕರಣಕ್ಕೆ ಬೇರೇ ಮೊದಲು ಸಿಗುತ್ತದೆ, ನಾಳ ಕೆನ್ನೆಯ ಬದಿಗಿದ್ದರೆ ನರವೇ ಮೊದಲು ಸಿಗಬಹುದು. ಎರಡೂ ಸಂದರ್ಭಗಳಲ್ಲಿ ಮಿಲಿಮೀಟರ್ ಲೆಕ್ಕ ಒಂದೇ ಇದ್ದರೂ ಅಪಾಯ ಒಂದೇ ಅಲ್ಲ. ಚಪ್ಪಟೆ ಚಿತ್ರ ಎಂದೂ ಕೊಡಲಾಗದ ಮಾಹಿತಿ ಇದು, ಇಡೀ ಯೋಜನೆ ನಿಂತಿರುವುದೂ ಇದರ ಮೇಲೆ.

ಕಿರುದವಡೆ ಹಲ್ಲಾದರೆ ನರ ಹೊರಬರುವ ರಂಧ್ರದ ಜಾಗ ನೋಡಬೇಕು. ಅದು ಒಬ್ಬೊಬ್ಬರಲ್ಲಿ ಒಂದೊಂದು ಕಡೆ. ಕೆಲವರಲ್ಲಿ ನರ ಹೊರಬರುವ ಮೊದಲು ಮುಂದಕ್ಕೆ ಹೋಗಿ ಸುತ್ತಿ ಹಿಂದಕ್ಕೆ ಬರುತ್ತದೆ. ಜಾಗ ಮೊದಲೇ ಗೊತ್ತಿದ್ದರೆ ವಸಡು ಕತ್ತರಿಸುವ ಗೆರೆಯನ್ನು ಅದರಿಂದ ದೂರ ಎಳೆಯಬಹುದು. ರಂಧ್ರದ ಮೇಲೆ ಎಲುಬಿನಲ್ಲಿ ಒಂದು ಸಣ್ಣ ಗೀರು ಕೊರೆದು, ವಸಡನ್ನು ಹಿಡಿದಿಡುವ ಉಪಕರಣದ ತುದಿಯನ್ನು ಆ ಗೀರಿನಲ್ಲಿ ಊರುತ್ತಾರೆ. ಆಗ ಅದು ಜಾರಿ ನರದ ಮೇಲೆ ಒತ್ತುವುದಿಲ್ಲ. ಅಪಾಯದ ಬಹುಪಾಲು ಕತ್ತರಿಯಿಂದಲ್ಲ, ಇಂಥ ಒತ್ತಡ ಎಳೆದಾಟಗಳಿಂದ ಬರುತ್ತದೆಂದು ಶಸ್ತ್ರವೈದ್ಯರಿಗೆ ಗೊತ್ತು.

ಇಷ್ಟೆಲ್ಲ ಅಳೆದ ಮೇಲೆ ‘ಇಲ್ಲಿ ಕೊರೆಯುವುದು ಬೇಡ’ ಎಂಬ ತೀರ್ಮಾನ ಬಂದರೆ ಸ್ಕ್ಯಾನ್ ವ್ಯರ್ಥವಾಯಿತೆಂದು ರೋಗಿ ನೊಂದುಕೊಳ್ಳುವುದುಂಟು. ಹಾಗೆಣಿಸಬೇಕಾಗಿಲ್ಲ. ಈ ಚಿತ್ರದ ದೊಡ್ಡ ಉಪಕಾರ ಎಲ್ಲಿ ಕೊರೆಯಬಾರದೆಂದು ತಿಳಿಸುವುದರಲ್ಲಿದೆ. ಎರಡನೆಯ ದವಡೆ ಹಲ್ಲಿನ ಎದುರು ಎಂಟು ಮಿಲಿಮೀಟರ್ ಎಲುಬು, ಬೇರಿನ ತುದಿ ನರನಾಳಕ್ಕೆ ತಾಗಿದೆ ಎಂದಾದರೆ, ಬೇರುಗಳು ಒಂದಾಗಿ ಕೂಡಿಕೊಂಡಿದ್ದರೆ, ಇನ್ನೊಂದು ದಾರಿಯಿದೆ: ಹಲ್ಲನ್ನು ಜೋಪಾನವಾಗಿ ಹೊರತೆಗೆದು, ಕೈಯಲ್ಲೇ ಹಿಡಿದು ಬೇರಿನ ತುದಿ ಕತ್ತರಿಸಿ ಮುಚ್ಚಿ, ಕೆಲವೇ ನಿಮಿಷಗಳಲ್ಲಿ ಅದೇ ಗೂಡಿನಲ್ಲಿ ಮರಳಿ ಕೂರಿಸುವುದು. ಕೇಳಿದರೆ ನಂಬಲಾಗದು, ಆದರೆ ಇದು ಒಪ್ಪಿತವಾದ ಚಿಕಿತ್ಸೆ. ಬೇರುಗಳು ಬೇರೆ ಬೇರೆ ದಿಕ್ಕಿಗೆ ಚಾಚಿಕೊಂಡಿದ್ದರೆ ಹಲ್ಲು ಮುರಿಯದೆ ಹೊರಬರುವುದು ಕಷ್ಟ. ಅದನ್ನೂ ಸ್ಕ್ಯಾನೇ ಹೇಳಬೇಕು.

ಶಸ್ತ್ರಚಿಕಿತ್ಸೆಯೇ ಸರಿ ಎಂದಾದರೆ ಅದರ ರೀತಿಯೂ ಹಿಂದಿನಂತಿಲ್ಲ. ಹಳೆಯ ಪದ್ಧತಿಯಲ್ಲಿ ಎಲುಬಿನ ಕಿಂಡಿ ಹತ್ತು ಮಿಲಿಮೀಟರ್‌ವರೆಗೂ ಅಗಲವಾಗುತ್ತಿತ್ತು, ಬೇರನ್ನು ಓರೆಯಾಗಿ ಕೊಯ್ಯುತ್ತಿದ್ದರು. ಈಗ ಸೂಕ್ಷ್ಮದರ್ಶಕದ ಕೆಳಗೆ ನಾಲ್ಕೈದು ಮಿಲಿಮೀಟರ್ ಕಿಂಡಿ ಸಾಕು. ಬೇರಿನ ಕೊನೆಯ ಮೂರು ಮಿಲಿಮೀಟರ್ ಮಾತ್ರ ನೇರವಾಗಿ ಕತ್ತರಿಸುತ್ತಾರೆ. ಆ ಮೂರಕ್ಕೂ ಲೆಕ್ಕವಿದೆ: ಅಷ್ಟು ತೆಗೆದರೆ ತುದಿಯಲ್ಲಿ ಕವಲೊಡೆಯುವ ಸಣ್ಣ ನಾಳಗಳಲ್ಲಿ ಶೇ 98ರಷ್ಟು ಹೋಗುತ್ತವೆಂದು ಪೆನ್ಸಿಲ್ವೇನಿಯಾದ ಕಿಮ್ ಮತ್ತು ಕ್ರಾಚ್‌ಮನ್ 2006ರಲ್ಲಿ ಬರೆದರು. ಅಲ್ಟ್ರಾಸಾನಿಕ್ ಮೊನೆಯಿಂದ ನಾಳವನ್ನು ಕೆಳಗಿನಿಂದ ಇನ್ನೂ ಮೂರು ಮಿಲಿಮೀಟರ್ ಶುಚಿ ಮಾಡಿ ಎಂಟಿಎ ಎಂಬ ಸಿಮೆಂಟಿನಿಂದ ಮುಚ್ಚುತ್ತಾರೆ. ಕ್ಯಾಲಿಫೋರ್ನಿಯಾದ ಲೋಮಾ ಲಿಂಡಾದಲ್ಲಿ ಮಹಮೂದ್ ತೊರಾಬಿನೆಜಾದ್ 1990ರ ದಶಕದಲ್ಲಿ ರೂಪಿಸಿದ ಈ ಸಿಮೆಂಟು ತೇವದಲ್ಲೂ ಗಟ್ಟಿಯಾಗುತ್ತದೆ. ಹಳೆಯ ಪದ್ಧತಿಯ ಯಶಸ್ಸು ಶೇ 59, ಸೂಕ್ಷ್ಮದರ್ಶಕದ ಹೊಸ ಪದ್ಧತಿಯದು ಶೇ 94 ಎಂದು 2010ರಲ್ಲಿ ಸೆಟ್ಜರ್ ಮತ್ತಿತರರು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ತೋರಿಸಿದರು. ಕೆಳದವಡೆಯ ಹಿಂಬದಿಗೆಂದೇ ತೆಗೆದ ಲೆಕ್ಕ ಇದಲ್ಲವೆಂಬುದು ನೆನಪಿರಲಿ. ಸ್ಕ್ಯಾನ್‌ನ ಮಾಹಿತಿಯನ್ನೇ ಬಳಸಿ ಹಲ್ಲಿನ ಮೇಲೆ ಕೂರುವ ಅಚ್ಚನ್ನು ತ್ರಿಡಿ ಮುದ್ರಣದಲ್ಲಿ ಮಾಡಿ, ಅದರ ತೂತಿನ ಮೂಲಕವೇ ಕೊರೆಯುವ ಪದ್ಧತಿಯೂ ಈಚೆಗೆ ಬಂದಿದೆ. ದಪ್ಪ ಎಲುಬಿರುವ ಕಡೆಗೇ ಅದರ ಉಪಯೋಗ ಹೆಚ್ಚು.

‘ಇಷ್ಟೆಲ್ಲ ಯಾಕೆ, ಕೀಳಿಸಿ ಇಂಪ್ಲಾಂಟ್ ಹಾಕಿಸಿದರಾಯಿತಲ್ಲ’ ಎನ್ನುವವರಿಗೆ ಒಂದು ಮಾತು. ಕೆಳದವಡೆಯ ಇಂಪ್ಲಾಂಟ್ ತಿರುಪು ಇಳಿಯುವುದೂ ಅದೇ ನರನಾಳದ ನೆತ್ತಿಯ ಮೇಲೇ. ಅಲ್ಲೂ ಅದೇ ಅಂತರ ಅಳೆಯಬೇಕು, ಅದಕ್ಕೂ ಸ್ಕ್ಯಾನ್ ಬೇಕಾಗುತ್ತದೆ. ಸ್ವಂತ ಹಲ್ಲಿಗೆ ಬೇರಿನ ಸುತ್ತಲ ತಂತುಗಳಿಂದ ಸಿಗುವ ಕಚ್ಚುವಿಕೆಯ ಅರಿವು ತಿರುಪಿಗೆ ಇರುವುದಿಲ್ಲ. ಬೇರು ಸೀಳಿದ್ದರೆ, ಸುತ್ತಲ ಎಲುಬು ಕರಗಿ ಹಲ್ಲು ಅಲುಗಾಡುತ್ತಿದ್ದರೆ ಕೀಳಿಸುವುದೇ ಸರಿ. ಗಟ್ಟಿಯಾಗಿ ನಿಂತಿರುವ ಹಲ್ಲನ್ನು ನೋಡದೆ, ಅಳೆಯದೆ ಕಿತ್ತುಹಾಕುವುದು ಸರಿಯಲ್ಲ.

ಹಾಗೆಂದು ಹಲ್ಲುನೋವು ಎಂದವರಿಗೆಲ್ಲ ಸಿಬಿಸಿಟಿ ಮಾಡಿಸುವುದೂ ತಪ್ಪು. ಅಮೆರಿಕದ ಎಂಡೋಡಾಂಟಿಸ್ಟ್‌ಗಳ, ಅಂದರೆ ಹಲ್ಲಿನ ಒಳಬೇರಿನ ಚಿಕಿತ್ಸಾ ತಜ್ಞರ, ಮತ್ತು ಬಾಯಿಯ ವಿಕಿರಣ ತಜ್ಞರ ಸಂಘಟನೆಗಳು 2015ರ ಜಂಟಿ ಹೇಳಿಕೆಯಲ್ಲಿ ಬೇರಿನ ಶಸ್ತ್ರಚಿಕಿತ್ಸೆಯ ಯೋಜನೆಗೆ ಸಣ್ಣ ವ್ಯಾಪ್ತಿಯ ಸಿಬಿಸಿಟಿಯನ್ನು ಶಿಫಾರಸು ಮಾಡಿದವು; ಮೊದಲ ತಪಾಸಣೆಗೆ ಬಾಯೊಳಗಿನ ಸಾಧಾರಣ ಎಕ್ಸ್‌ರೇಯನ್ನೇ ಉಳಿಸಿಕೊಂಡವು. ಹಲ್ಲಿನ ಒಂದು ಎಕ್ಸ್‌ರೇಯಲ್ಲಿ ತಗಲುವ ವಿಕಿರಣ ಕೆಲವೇ ಮೈಕ್ರೋಸೀವರ್ಟ್. ಸಣ್ಣ ವ್ಯಾಪ್ತಿಯ ಸಿಬಿಸಿಟಿಯಲ್ಲಿ ಹತ್ತಾರರಿಂದ ನೂರರ ಆಸುಪಾಸು. ನೆಲ, ಗಾಳಿ, ಆಕಾಶಗಳಿಂದ ಮನುಷ್ಯನಿಗೆ ತಾನಾಗಿ ತಗಲುವುದು ಜಗತ್ತಿನ ಸರಾಸರಿಯಲ್ಲಿ ವರ್ಷಕ್ಕೆ 2,400 ಮೈಕ್ರೋಸೀವರ್ಟ್. ಅಂದರೆ ಒಂದು ಸ್ಕ್ಯಾನ್ ಎರಡು ಮೂರು ವಾರಗಳ ಸಹಜ ವಿಕಿರಣದ ಒಳಗೇ ಬರುತ್ತದೆ. ಹೆದರಬೇಕಾದ ಪ್ರಮಾಣವಲ್ಲ, ಕಾರಣವಿಲ್ಲದೆ ತೆಗೆದುಕೊಳ್ಳುವಂಥದ್ದೂ ಅಲ್ಲ. ಎಕ್ಸ್‌ರೇ ಯಂತ್ರಗಳಿಗೆ ದೇಶದಲ್ಲಿ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ ಬೇಕು. ಗರ್ಭಿಣಿಯರು ಆ ಸಂಗತಿಯನ್ನು ಮೊದಲೇ ತಿಳಿಸಬೇಕು.

ಚಿತ್ರಕ್ಕೂ ಮಿತಿಗಳಿವೆ. ಲೋಹದ ಕ್ಯಾಪ್, ಕಂಬಿ, ಬೇರಿನೊಳಗಿನ ತುಂಬಿಕೆಗಳು ಪರದೆಯ ಮೇಲೆ ಬಿಳಿ ಕಪ್ಪು ಗೆರೆಗಳನ್ನು ಎಬ್ಬಿಸುತ್ತವೆ. ಕೂದಲೆಳೆಯ ಬಿರುಕು ಇದೆಯೋ ಇಲ್ಲವೋ ಎಂದು ಆಗ ಖಚಿತವಾಗಿ ಹೇಳಲಾಗದು. ರೋಗಿ ಸ್ವಲ್ಪ ಅಲುಗಾಡಿದರೂ ಚಿತ್ರ ಮಸುಕು. ಕೆಲವರಲ್ಲಿ ನರನಾಳದ ಗೋಡೆ ಎಷ್ಟು ತೆಳು ಎಂದರೆ ಗುರುತೇ ಸಿಗದು. ಓದಲು ತಿಳಿದವರು ಇಡೀ ಸ್ಕ್ಯಾನನ್ನು ಓದಿ ಬರೆದ ವರದಿ ಇಲ್ಲದಿದ್ದರೆ ಬರೀ ಮುದ್ರಿತ ಹಾಳೆಯಿಂದ ಪ್ರಯೋಜನ ಕಡಿಮೆ.

ಆದ್ದರಿಂದ ಕಾಪು, ಕಾರ್ಕಳ, ಉಡುಪಿಯ ಓದುಗರಲ್ಲಿ ಕೆಲವು ವಿನಂತಿ. ಸ್ಕ್ಯಾನ್‌ಗೆ ಚೀಟಿ ಬರೆಸಿಕೊಳ್ಳುವಾಗ ಯಾವ ಹಲ್ಲು, ತಿಳಿಯಬೇಕಾದ್ದೇನು ಎಂದು ವೈದ್ಯರಿಂದ ಬರೆಸಿಕೊಳ್ಳಿ. ಒಂದು ಹಲ್ಲಿಗೆ ಇಡೀ ದವಡೆಯ ಸ್ಕ್ಯಾನ್ ಬೇಕೇ ಎಂದು ಕೇಳಿ. ಹಳೆಯ ಎಕ್ಸ್‌ರೇಗಳನ್ನು ಎಸೆಯಬೇಡಿ, ಸ್ಕ್ಯಾನಿನ ಸಿ.ಡಿ. ಅಥವಾ ಫೈಲನ್ನು ನಿಮ್ಮ ಬಳಿಯೇ ಇಟ್ಟುಕೊಳ್ಳಿ, ಬೇರೆ ವೈದ್ಯರ ಬಳಿ ಹೋದರೆ ಮತ್ತೆ ತೆಗೆಸುವುದು ತಪ್ಪುತ್ತದೆ. ಶಸ್ತ್ರಚಿಕಿತ್ಸೆಗೆ ಒಪ್ಪುವ ಮೊದಲು ಬೇರಿನ ತುದಿಗೂ ನರಕ್ಕೂ ಎಷ್ಟು ಅಂತರವಿದೆ, ಪರದೆಯ ಮೇಲೆ ತೋರಿಸಿ ಎಂದು ಕೇಳುವ ಹಕ್ಕು ನಿಮಗಿದೆ. ಮರವುಮದ್ದಿನ ಪ್ರಭಾವ ಇಳಿದ ಮೇಲೂ ತುಟಿ ಜೋಮು ಹಿಡಿದಂತೆಯೇ ಇದ್ದರೆ ‘ತಾನಾಗಿ ಹೋದೀತು’ ಎಂದು ವಾರ ಕಾಯದೆ ಮರುದಿನವೇ ವೈದ್ಯರಿಗೆ ತಿಳಿಸಿ. ನರದ ವಿಷಯದಲ್ಲಿ ಮೊದಲ ದಿನಗಳ ಚಿಕಿತ್ಸೆಗೆ ಬೆಲೆ ಹೆಚ್ಚು. ನೋವು ಹೋಯಿತೆಂದು ಮರುಭೇಟಿ ತಪ್ಪಿಸಬೇಡಿ. ಬೇರಿನ ಸುತ್ತ ಎಲುಬು ಮತ್ತೆ ತುಂಬಿಕೊಳ್ಳಲು ತಿಂಗಳುಗಳು ಬೇಕು, ತುಂಬಿದೆಯೇ ಎಂದು ಆರು ತಿಂಗಳಿಗೊಮ್ಮೆ, ವರ್ಷಕ್ಕೊಮ್ಮೆ ನೋಡಲು ಸಾಮಾನ್ಯವಾಗಿ ಸಣ್ಣ ಎಕ್ಸ್‌ರೇ ಒಂದೇ ಸಾಕಾಗುತ್ತದೆ.